ಹುಲ್ಲು ಕತ್ತರಿಸುವ ಯಂತ್ರ: ಎಂಜಿನ್ನಿನ ಆಯ್ಕೆ

ಮಳೆಗಾಲ ಆರಂಭವಾದ ಕೆಲವೇ ವಾರಗಳಲ್ಲಿ ಹೈದರಾಬಾದಿನ ಹಿಮಾಯತ್‌ನಗರದಂತಹ ಬಡಾವಣೆಗಳ ಮನೆಯಂಗಳಗಳಲ್ಲಿಯೂ ವಸತಿ ಸಮುಚ್ಚಯಗಳ ಆವರಣಗಳಲ್ಲಿಯೂ ಹುಲ್ಲು ಬೆಳೆದು ನಿಲ್ಲುತ್ತದೆ. ಇದನ್ನು ಸವರಲು ಕುಡುಗೋಲಿನ ಬದಲು, ಹೆಗಲಿಗೆ ತೂಗುಹಾಕಿಕೊಳ್ಳುವ ಪೆಟ್ರೋಲ್ ಯಂತ್ರವು ಬಳಕೆಗೆ ಬಂದಿದೆ. ಜನಸಾಮಾನ್ಯರಲ್ಲಿ ಇದು 'ಬ್ರಷ್ ಕಟರ್' ಎಂದೇ ಪರಿಚಿತ. ಸಾಮಾನ್ಯವಾಗಿ ಯಂತ್ರವನ್ನು ಕೊಳ್ಳುವವರು ಮನೆಯ ಮಾಲೀಕರು. ಅದನ್ನು ಹೊತ್ತು ದುಡಿಯುವವನು ಮಾಲಿ. ಹೊಗೆ, ಸದ್ದು ಮತ್ತು ಕಂಪನಗಳು ಮೊದಲು ತಾಗುವುದು ಮಾಲಿಯ ದೇಹಕ್ಕೆ. ಆದ್ದರಿಂದ ಎಂಜಿನ್ನಿನ ಆಯ್ಕೆಯು ಬೆಲೆಯ ಪ್ರಶ್ನೆ ಮಾತ್ರವಲ್ಲ, ದುಡಿಯುವವನ ಆರೋಗ್ಯದ ಪ್ರಶ್ನೆಯೂ ಆಗಿದೆ.

ಕಾರ್ಯವಿಧಾನ

ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಇಂತಹ ಒಂದೊಂದು ಚಲನೆಗೆ 'ಸ್ಟ್ರೋಕ್' ಎಂದು ಹೆಸರು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಚಲನೆಗಳಿಗೊಮ್ಮೆ ಇಂಧನ ಉರಿದು ಶಕ್ತಿ ದೊರೆಯುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ನಾಲ್ಕು ಚಲನೆಗಳಿಗೊಮ್ಮೆ. ಟೂ-ಸ್ಟ್ರೋಕ್ ಎಂಜಿನ್ನಿನ ರಚನೆ ಸರಳ, ತೂಕ ಕಡಿಮೆ, ದುರಸ್ತಿ ಸುಲಭ. ಆದರೆ ಉರಿದ ಹೊಗೆಯನ್ನು ಹೊರದೂಡುವಾಗ ಹೊಸ ಇಂಧನದ ಒಂದು ಪಾಲು ಉರಿಯದೆಯೇ ಹೊರಹೋಗುತ್ತದೆ. ಸರಳ ರಚನೆಯ ಎಂಜಿನ್ನುಗಳಲ್ಲಿ ಈ ನಷ್ಟ ಕಾಲು ಭಾಗವನ್ನೂ ಮುಟ್ಟಬಹುದು. ಇದರೊಂದಿಗೆ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಉರಿಯುವುದರಿಂದ ನೀಲಿ ಹೊಗೆ ಏಳುತ್ತದೆ. ಹಳೆಯ ಸ್ಕೂಟರುಗಳ ಮತ್ತು ಆಟೋರಿಕ್ಷಾಗಳ ಹೊಗೆಗೂ ಇದೇ ಕಾರಣವಾಗಿತ್ತು.

ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಗೆ ಪ್ರತ್ಯೇಕ ಸ್ಥಾನವಿದೆ. ಇದಕ್ಕೆ ಇಂಧನ ಕಡಿಮೆ ಸಾಕು, ಹೊಗೆಯೂ ಕಡಿಮೆ. ಸದ್ದು ಅಷ್ಟು ಕರ್ಕಶವಲ್ಲ. ಆದರೆ ಬೆಲೆ ಮತ್ತು ತೂಕ ಸಾಮಾನ್ಯವಾಗಿ ಹೆಚ್ಚು. ಎಣ್ಣೆಯ ಮಟ್ಟವನ್ನು ಕೆಲಸಕ್ಕೆ ಮುನ್ನ ನೋಡಬೇಕು. ನಿಗದಿತ ಅವಧಿಗೆ ಎಣ್ಣೆ ಬದಲಿಸಬೇಕು, ವಾಲ್ವುಗಳನ್ನು ಸರಿಪಡಿಸಬೇಕು.

ಸ್ಥಳಕ್ಕೆ ತಕ್ಕ ಆಯ್ಕೆ

ಮಲೆನಾಡಿನ ಅಡಿಕೆ ತೋಟದ ಇಳಿಜಾರಿನಲ್ಲಿ ದಿನವಿಡೀ ದುಡಿಯುವವನಿಗೆ ಹೆಗಲ ಮೇಲಿನ ಒಂದೊಂದು ಕಿಲೋ ತೂಕವೂ ಮುಖ್ಯ. ಯಂತ್ರವನ್ನು ಹೇಗೆ ಓರೆಮಾಡಿದರೂ ಟೂ-ಸ್ಟ್ರೋಕ್ ಎಂಜಿನ್ ನಿಲ್ಲುವುದಿಲ್ಲ. ಎಲ್ಲ ಕೋನಗಳಲ್ಲಿಯೂ ನಡೆಯಬಲ್ಲ ಫೋರ್-ಸ್ಟ್ರೋಕ್ ಎಂಜಿನ್ನುಗಳು 1990ರ ದಶಕದಿಂದ ದೊರೆಯುತ್ತಿವೆ. ಕೊಳ್ಳುವ ಮಾದರಿಗೆ ಈ ಗುಣವಿದೆಯೇ ಎಂದು ವಿಚಾರಿಸಬೇಕು.

ಹಿಮಾಯತ್‌ನಗರದ ಪರಿಸ್ಥಿತಿ ಬೇರೆ. ಇಲ್ಲಿ ನೆಲ ಸಮತಟ್ಟು, ಕೆಲಸ ಒಂದೆರಡು ಗಂಟೆಯದು, ಪಕ್ಕದಲ್ಲಿಯೇ ಕಿಟಕಿಗಳು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಟ್ಟವನ್ನು ನಿಗದಿಪಡಿಸಿವೆ. ಬ್ರಷ್ ಕಟರಿನ ಸದ್ದು ನಡೆಸುವವನ ಕಿವಿಯ ಬಳಿ 90 ಡೆಸಿಬಲ್ ಮೀರುವುದು ಸಾಮಾನ್ಯ. ಇಂತಹ ಕಡೆ ಫೋರ್-ಸ್ಟ್ರೋಕ್ ಹೆಚ್ಚು ಯುಕ್ತ. ಅಂಗಳ ಚಿಕ್ಕದಾದರೆ ಬ್ಯಾಟರಿಯ ಯಂತ್ರವೇ ಸಾಕಾಗಬಹುದು.

ಇಂಧನದ ಎಚ್ಚರಿಕೆ

ಟೂ-ಸ್ಟ್ರೋಕ್ ಯಂತ್ರಕ್ಕೆ ಎಣ್ಣೆಯನ್ನು ಅಳೆದೇ ಬೆರೆಸಬೇಕು. ತಯಾರಕರು 50:1 ಎಂದು ಸೂಚಿಸಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. 25:1 ಎಂದಿದ್ದರೆ 40 ಮಿಲಿಲೀಟರ್. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸವೆದು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆಯೂ ಮಸಿಯೂ ಹೆಚ್ಚುತ್ತವೆ. ಫೋರ್-ಸ್ಟ್ರೋಕ್ ಎಂಜಿನ್ನುಗಳಲ್ಲಿಯೂ ಎಣ್ಣೆ ಬೆರೆಸಿದ ಪೆಟ್ರೋಲನ್ನೇ ಬಯಸುವ ಕೆಲವು ಮಾದರಿಗಳುಂಟು. ಆದಕಾರಣ ಯಂತ್ರದೊಡನೆ ಬರುವ ಕೈಪಿಡಿಯನ್ನು ಓದದೆ ಇಂಧನ ತುಂಬಬಾರದು.

ಇಂದು ಮಾರಾಟವಾಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಇಂಧನವನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿಸಬಾರದು. ಹುಲ್ಲಿನ ಕಾಲ ಮುಗಿದೊಡನೆ ಟ್ಯಾಂಕನ್ನು ಬರಿದುಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಡೆಸಿ ಇಡುವುದು ಲೇಸು.

ಯಾವ ಎಂಜಿನ್ನನ್ನೇ ಆರಿಸಿದರೂ ಕಿವಿರಕ್ಷಕ, ಕಣ್ಣಿಗೆ ಕನ್ನಡಕ, ಕೈಗವಸು ಮತ್ತು ಗಟ್ಟಿ ಬೂಟುಗಳನ್ನು ಯಂತ್ರದೊಡನೆಯೇ ಕೊಂಡು ಮಾಲಿಗೆ ಒದಗಿಸಬೇಕು. ಕಂಪನದಿಂದ ಬೆರಳುಗಳು ಜೋಮು ಹಿಡಿಯದಂತೆ ಆಗಾಗ ವಿರಾಮ ನೀಡಬೇಕು. ಕೊಳ್ಳುವ ಮುನ್ನ ಯಂತ್ರವನ್ನು ಮಾಲಿಯ ಹೆಗಲಿಗೇ ಹಾಕಿ ನೋಡುವುದು ಉತ್ತಮ. ಅದರ ಭಾರವನ್ನು ಸರಿಯಾಗಿ ಹೇಳಬಲ್ಲವನು ಆತನೇ.