ಗೆದ್ದಲು ಬರೋದು ಮಣ್ಣಿನಿಂದ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬಂದಿರುವ ನಮಗೆ ಗೆದ್ದಲು ಹೊಸದೇನಲ್ಲ. ಬಾಗಿಲವಾಡದ ಮೇಲೆ ಮಣ್ಣಿನ ಗೆರೆ ಕಂಡ ತಕ್ಷಣ ಪೊರಕೆಯಲ್ಲಿ ಗುಡಿಸಿ, ಸೀಮೆಎಣ್ಣೆ ಸುರಿದು, "ಹೋಯ್ತು ಬಿಡು" ಅಂತೀವಿ. ಸ್ವಲ್ಪ ದಿನಕ್ಕೆ ಪಕ್ಕದಲ್ಲೇ ಮತ್ತೊಂದು ಗೆರೆ ಏಳುತ್ತೆ. ಯಾಕೆ?

ನಾವು ಕೊಂದಿದ್ದು ಬರೀ ಕೆಲಸಗಾರ ಹುಳುಗಳನ್ನು. ದಿನಕ್ಕೆ ಸಾವಿರಾರು ಮೊಟ್ಟೆ ಇಡುವ ರಾಣಿ ಮಣ್ಣಿನೊಳಗೆ ಹಾಯಾಗಿದ್ದಾಳೆ. ಗೆದ್ದಲಿನ ಮೈ ಮೆತ್ತಗೆ, ಬೇಗ ಒಣಗುತ್ತೆ. ಅದಕ್ಕೇ ಅದು ತೇವದ ಮಣ್ಣಿನ ಕೊಳವೆ ಕಟ್ಟಿಕೊಂಡು ನೆಲದಿಂದ ಮರಕ್ಕೆ ಓಡಾಡುತ್ತೆ. ಹಾಗಾಗಿ ನಾವು ಕಡಿಯಬೇಕಾದ್ದು ಆ ದಾರಿಯನ್ನು.

ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರಿದೆ. ಗದ್ದೆ ಪಕ್ಕದ ಮನೆಗಳಲ್ಲಿ ನೆಲದ ತೇವ ಬೇಗ ಆರಲ್ಲ. ಮಳವಳ್ಳಿಯ ಒಣ ಭೂಮಿಯ ಊರುಗಳಲ್ಲೂ ಸೋರುವ ಬಚ್ಚಲ ಗೋಡೆ ಒಂದಿದ್ದರೆ ಸಾಕು.

ಮೊದಲು ನೋಡಬೇಕಾದ್ದು
1. ಗೋಡೆಗೆ ಒರಗಿಸಿದ ಸೌದೆ, ಕಬ್ಬಿನ ತರಗು, ಹಳೇ ರಟ್ಟಿನ ಡಬ್ಬ ತೆಗೆಯಿರಿ.
2. ಸೋರುವ ನಲ್ಲಿ, ಪೈಪು ರಿಪೇರಿ ಮಾಡಿಸಿ.
3. ಬಾಗಿಲವಾಡ, ತೊಲೆಗಳನ್ನು ಬೆರಳಲ್ಲಿ ತಟ್ಟಿ. ಟೊಳ್ಳು ಸದ್ದು ಬಂದರೆ ಅನುಮಾನ ಪಡಿ.
4. ಜಮೀನಿನ ಪತ್ರ, ಮಾರ್ಕ್ಸ್‌ಕಾರ್ಡು ಇರುವ ಪೆಟ್ಟಿಗೆಯನ್ನು ನೆಲ, ಗೋಡೆಗೆ ತಾಗದಂತೆ ಇಡಿ. ತೊಲೆ ಹೋದರೆ ಹೊಸದು ತರಬಹುದು, ಪತ್ರಕ್ಕೆ ಕಚೇರಿ ಅಲೆಯಬೇಕು!

ಹೊಸ ಮನೆ ಕಟ್ಟುವಾಗ
ಇದಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕ ಇದೆ. ಪಾಯದ ಗುಂಡಿ, ಗೋಡೆ ಪಕ್ಕ ತುಂಬುವ ಮಣ್ಣು, ಆಮೇಲೆ ನೆಲ ಹಾಕುವ ಮುಂಚೆ ತುಂಬಿದ ಮಣ್ಣಿನ ಮೇಲೆ, ಹೀಗೆ ಹಂತಹಂತವಾಗಿ ಔಷಧಿ ಹಾಕಬೇಕು. ನೆಲಕ್ಕೆ ಚದರ ಮೀಟರಿಗೆ 5 ಲೀಟರ್ ದ್ರಾವಣ ಬೇಕು. 10×12 ಅಡಿ ಕೋಣೆ ಸುಮಾರು 11 ಚದರ ಮೀಟರ್, ಅಂದ್ರೆ 55 ಲೀಟರ್. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಲೀಟರ್ ನೀರಿಗೆ 2.1 ಮಿ.ಲೀ., ಒಟ್ಟು ಸುಮಾರು 115 ಮಿ.ಲೀ. ಯಾರಾದರೂ ಒಂದು ಬಕೆಟ್ ಚಿಮುಕಿಸಿ "ಆಯ್ತು ಸಾರ್" ಅಂದರೆ ಈ ಲೆಕ್ಕ ಕೇಳಿ. ಮಳೆ ಬರುವಾಗ ಈ ಕೆಲಸ ಬೇಡ, ಔಷಧಿ ಹಾಕಿದ ಮಣ್ಣನ್ನು ಮತ್ತೆ ಅಗೆಯಲೂಬಾರದು.

ಹಳೇ ಮನೆಗೆ
ಗೋಡೆ ಮತ್ತು ನೆಲ ಸೇರುವ ಕಡೆ 30 ಸೆಂ.ಮೀ.ಗೊಂದು ತೂತು ಕೊರೆದು, ದ್ರಾವಣ ಬಿಟ್ಟು, ಸಿಮೆಂಟಿನಿಂದ ಮುಚ್ಚುತ್ತಾರೆ. ಹೊರಗೋಡೆಯ ಬುಡದ ಮಣ್ಣಿಗೂ ಹಾಕಬೇಕು. ಇದು ಲೈಸೆನ್ಸ್ ಇರುವವರ ಕೆಲಸ. ಹೊಲಕ್ಕೆ ತಂದ ಔಷಧಿಯನ್ನು ಅಂದಾಜಲ್ಲಿ ಮನೆಯೊಳಗೆ ಸುರಿಯಬೇಡಿ. ಹತ್ತಿರ ಬಾವಿ, ಬೋರ್‌ವೆಲ್ ಇದ್ದರೆ ಮೊದಲೇ ತಿಳಿಸಿ.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಲೈಟಿಗೆ ಮುತ್ತುವ ರೆಕ್ಕೆಹುಳುಗಳು ಹೊಸ ಗೂಡು ಹುಡುಕಿ ಹೊರಟ ಗೆದ್ದಲುಗಳೇ. ಅವು ಮನೆಯೊಳಗಿನ ನೆಲ, ಗೋಡೆಯ ಬಿರುಕಿನಿಂದಲೇ ಹೊರಬರುತ್ತಿದ್ದರೆ ತಡಮಾಡಬೇಡಿ. ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಟಾರ್ಚ್ ಹಿಡಿದು ಮನೆ ಸುತ್ತ ಬುಡ ನೋಡೋಣ. ಅರ್ಧ ಗಂಟೆಯ ಕೆಲಸ ಅಷ್ಟೆ.