ಸಾಲ ತೀರಿಸುವ ಸಂಸಾರದ ಜಮಾ-ಖರ್ಚು

ನಮ್ಮ ವಾಚನಾಲಯಕ್ಕೆ ಸಾಯಂಕಾಲ ಬರುವ ಬಂಧುಗಳಲ್ಲಿ ಹೆಚ್ಚಿನವರು ತಿಂಗಳ ಪಗಾರದ ಮೇಲೆ ಬದುಕುವವರು. ಪತ್ರಿಕೆಯನ್ನು ಮಡಿಚಿಟ್ಟ ಮೇಲೆ ಮಾತು ತಿರುಗುವುದು ಬಾಡಿಗೆ, ಶಾಲೆಯ ಫೀ, ಸಾಲದ ಕಂತು ಇವುಗಳ ಕಡೆಗೇ. ಆದುದರಿಂದ ಈ ಸಲದ ಪಾಠಕ್ಕೆ ಸಾಲವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೆ ಸಾಲದ ಪಾಠವನ್ನು ನನ್ನ ಮನೆಯಲ್ಲಿಯೇ ಕಲಿತಿದ್ದೇನೆ. ಅದನ್ನು ಮುಚ್ಚಿಡದೆ ಬರೆದರೆ ಒಬ್ಬಿಬ್ಬರಿಗಾದರೂ ಉಪಯೋಗವಾದೀತು.

ಹಳೆಯ ಕಥೆ

ಸಾಲ ಈ ಊರಿಗೆ ಹೊಸತಲ್ಲ. ಮುಂಬಯಿಯ ಕಾರ್ಮಿಕ ಕಚೇರಿಯು 1921-22ರಲ್ಲಿ ದುಡಿಯುವ ವರ್ಗದ ಸಂಸಾರಗಳ ಆಯ-ವ್ಯಯವನ್ನು ವಿಚಾರಿಸಿ 1923ರಲ್ಲಿ ವರದಿ ಪ್ರಕಟಿಸಿತು. ನೂರಕ್ಕೆ 47 ಸಂಸಾರಗಳು ಸಾಲದಲ್ಲಿದ್ದವು. ಸಾಮಾನ್ಯವಾಗಿ ಆ ಸಾಲ ಎರಡೂವರೆ ತಿಂಗಳ ಗಳಿಕೆಯಷ್ಟಿತ್ತು. 1931ರಲ್ಲಿ ಹೊರಬಂದ ರಾಯಲ್ ಕಾರ್ಮಿಕ ಆಯೋಗದ ವರದಿ, ಹೆಚ್ಚಿನ ಕೈಗಾರಿಕಾ ಊರುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಸಾಲಗಾರರೆಂದು ಹೇಳಿತು. ಆಗ ಬಹಳ ಕಡೆ ನಡೆಯುತ್ತಿದ್ದ ಬಡ್ಡಿ ರೂಪಾಯಿಗೆ ತಿಂಗಳಿಗೆ ಒಂದು ಆಣೆ. ಹದಿನಾರು ಆಣೆಗೆ ಒಂದು ರೂಪಾಯಿಯಾದ್ದರಿಂದ ಇದು ವರ್ಷಕ್ಕೆ ಶೇಕಡಾ 75 ಆಗುತ್ತದೆ. ಆಣೆಯಲ್ಲಿ ಕೇಳಿದವನಿಗೆ ಅದು ಅಲ್ಪವೆನಿಸುತ್ತಿತ್ತು; ಮೋಸವಿದ್ದದ್ದು ಅಲ್ಲಿಯೇ.

ಇಂದು ಪಗಾರದ ದಿನ ಗಿರಣಿಯ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಲ್ಲುವ ಸಾಹುಕಾರನಿಲ್ಲ. ಆದರೆ ಕಿಸೆಯಲ್ಲಿ ಕ್ರೆಡಿಟ್ ಕಾರ್ಡು ಇದೆ, ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪು ಇದೆ. ತಿಂಗಳಿಗೆ ಶೇಕಡಾ ಮೂರೂವರೆ ಎಂದರೆ ವರ್ಷಕ್ಕೆ 42. ಐದು ಸಾವಿರ ಸಾಲವೆಂದು ಹೇಳಿ, ಮೊದಲೇ ಏಳು ನೂರು ಮುರಿದುಕೊಂಡು, 4,300 ಕೈಗೆ ಕೊಟ್ಟು ಹದಿನೈದು ದಿನಕ್ಕೆ ಐದು ಸಾವಿರ ಕೇಳುವವನ ಬಡ್ಡಿ ತಿಂಗಳಿಗೆ ಶೇಕಡಾ 32ಕ್ಕೂ ಹೆಚ್ಚು. ಆಣೆಯ ಸಾಹುಕಾರನೇ ಇವನಿಗಿಂತ ವಾಸಿ.

ನಾನು ಮಾಡಿದ ತಪ್ಪು

ತಾಯಿಯವರು ಜಾರಿಬಿದ್ದು ಆಸ್ಪತ್ರೆ ಸೇರಿದಾಗ ಮುಂಗಡ ಕಟ್ಟಲು ಕಾರ್ಡನ್ನು ಉಪಯೋಗಿಸಿದೆ. ಅದು ಅನಿವಾರ್ಯವಾಗಿತ್ತು. ಅನಂತರ ಹಬ್ಬದ ಬಟ್ಟೆ ಮತ್ತು ಒಂದು ಫೋನು ಅದರ ಮೇಲೆಯೇ ಬಂದವು. ಅವು ಅನಿವಾರ್ಯವಾಗಿರಲಿಲ್ಲ. ಒಟ್ಟು ಬಾಕಿ ರೂ. 48,000. ತಿಂಗಳ ಪಟ್ಟಿಯಲ್ಲಿ 'ಕನಿಷ್ಠ ಕಟ್ಟಬೇಕಾದ ಹಣ ರೂ. 2,400' ಎಂದು ಇತ್ತು. ಅಷ್ಟನ್ನು ತಪ್ಪದೆ ಕಟ್ಟುತ್ತ, ನಾನು ಪ್ರಾಮಾಣಿಕ ಸಾಲಗಾರನೆಂದು ಸಮಾಧಾನಪಟ್ಟುಕೊಂಡೆ. ಮನೆಯವರಿಗೆ ಹೇಳಲಿಲ್ಲ.

ಈಗ ಲೆಕ್ಕ ನೋಡಿರಿ. 48,000ಕ್ಕೆ ತಿಂಗಳಿಗೆ ಶೇಕಡಾ ಮೂರೂವರೆಯಂತೆ ಬಡ್ಡಿ 1,680. ಆ ಬಡ್ಡಿಯ ಮೇಲೆ ಶೇಕಡಾ 18ರಂತೆ ಜಿ.ಎಸ್.ಟಿ. 302. ಎರಡೂ ಸೇರಿ 1,982. ನಾನು ಕಟ್ಟಿದ 2,400ರಲ್ಲಿ ಅಸಲಿಗೆ ಹೋದದ್ದು ಬರೀ 418 ರೂಪಾಯಿ! ಅಸಲು ಇಳಿದಂತೆ ಕನಿಷ್ಠ ಕಂತೂ ಇಳಿಯುತ್ತದೆ. ಆದ್ದರಿಂದ ಸಾಲ ಇನ್ನೂ ನಿಧಾನವಾಗಿ ಕರಗುತ್ತದೆ. ಒಂದು ವರ್ಷದಲ್ಲಿ ಸುಮಾರು 27,400 ರೂಪಾಯಿ ಕಟ್ಟಿದ ಮೇಲೆ ಉಳಿದ ಬಾಕಿ 43,200. ಇದೇ ರೀತಿ ಕಟ್ಟುತ್ತ ಹೋಗಿದ್ದರೆ, ಹೊಸದಾಗಿ ಒಂದು ಪೈಸೆ ಸಾಲ ಮಾಡದಿದ್ದರೂ, ಮೂಲ ಸಾಲದ ಅರ್ಧ ತೀರಲು ಆರೂವರೆ ವರ್ಷ ಬೇಕಾಗುತ್ತಿತ್ತು.

ಮಗಳ ಶಾಲೆಯ ಸಹಲಿಗೆ ಆರು ನೂರು ರೂಪಾಯಿ ಕೊಡಲಾಗದ ದಿನ ವಿಷಯ ಹೊರಬಿತ್ತು. ಮಗಳು ತಾನಾಗಿಯೇ "ನನಗ ಹೋಗೋ ಮನಸ್ಸಿಲ್ಲ" ಎಂದಳು. ಹತ್ತು ವರ್ಷದ ಹುಡುಗಿ ತಂದೆಯ ಮುಖ ನೋಡಿ ಸುಳ್ಳು ಹೇಳಿದ್ದಳು. ಆ ರಾತ್ರಿ ಮನೆಯವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಗಿರಣಿ ಲೆಕ್ಕ ಪೈಸಾ ತಪ್ಪದಂಗ ಬರೀತೀರಿ. ಮನೀ ಲೆಕ್ಕ ಯಾರು ಬರೀಬೇಕ್ರಿ?" ಎಂದಷ್ಟೇ ಕೇಳಿದರು. ಮರುದಿನ ಮಗಳ ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ನಮ್ಮ ಕೀರ್ದಿ ಆರಂಭವಾಯಿತು.

ಮೊದಲನೆಯ ಮೆಟ್ಟಿಲು: ಸಾಲಗಳ ಪಟ್ಟಿ

ಯಾರಿಗೆ, ಎಷ್ಟು, ಯಾವ ಬಡ್ಡಿಗೆ ಎಂಬುದನ್ನು ಒಂದೇ ಪುಟದಲ್ಲಿ ಬರೆಯಬೇಕು. ನಮ್ಮ ಪಟ್ಟಿ ಹೀಗಿತ್ತು:

ಕ್ರೆಡಿಟ್ ಕಾರ್ಡು — ರೂ. 43,200, ತಿಂಗಳಿಗೆ ಶೇ. 3.5
ಪತಪೇಢಿಯ ಸಾಲ — ರೂ. 60,000, ವರ್ಷಕ್ಕೆ ಶೇ. 14
ಬ್ಯಾಂಕಿನಲ್ಲಿ ಅಡವಿಟ್ಟ ಸರ — ರೂ. 40,000, ವರ್ಷಕ್ಕೆ ಶೇ. 10
ಮೈದುನನ ಕೈಗಡ — ರೂ. 20,000, ಬಡ್ಡಿಯಿಲ್ಲ
ಕಿರಾಣಿ ಅಂಗಡಿಯ ಉದ್ರಿ — ರೂ. 7,000, ಬಡ್ಡಿಯಿಲ್ಲ

ಒಟ್ಟು ರೂ. 1,70,200. ಇದು ನಮ್ಮ ಐದೂವರೆ ತಿಂಗಳ ಆದಾಯ. ನೂರು ವರ್ಷದ ಹಿಂದಿನ ಗಿರಣಿ ಕೂಲಿಯ ಸಾಲಕ್ಕಿಂತ ನನ್ನದು ದುಪ್ಪಟ್ಟು! ಪಟ್ಟಿ ಬರೆಯುವಾಗ ಕೈ ನಡುಗುವುದು ಸಹಜ. ಆದರೆ ಬರೆದ ಸಾಲಕ್ಕಿಂತ ಬರೆಯದ ಸಾಲವೇ ಹೆಚ್ಚು ಹೆದರಿಸುತ್ತದೆ.

ಎರಡನೆಯ ಮೆಟ್ಟಿಲು: ತಿಂಗಳ ಅಂದಾಜುಪತ್ರಿಕೆ

ಕೈಗೆ ಬರುವ ಪಗಾರ ರೂ. 27,500. ಮನೆಯವರು ಹೊಲಿಗೆಯಿಂದ ಕೆಲವು ತಿಂಗಳು ಐದು ಸಾವಿರ, ಕೆಲವು ತಿಂಗಳು ಮೂರು ಸಾವಿರ ಗಳಿಸುತ್ತಾರೆ. ಏರಿಳಿಯುವ ಆದಾಯವನ್ನು ಕಡಿಮೆ ಬಂದ ತಿಂಗಳಿನಷ್ಟೇ ಹಿಡಿಯಬೇಕೆಂಬುದು ಮೊದಲ ನಿಯಮ. ಆದ್ದರಿಂದ ಜಮೆ ರೂ. 30,500. ಖರ್ಚು ಹೀಗೆ:

ಖೋಲಿಯ ಬಾಡಿಗೆ — 7,500
ದಿನಸಿ, ಹಾಲು, ತರಕಾರಿ, ಗ್ಯಾಸು — 9,000
ಕರೆಂಟು, ಫೋನು — 1,300
ರೈಲ್ವೆ ಪಾಸು ಮತ್ತು ಓಡಾಟ — 700
ಮಕ್ಕಳ ಶಾಲೆ — 2,000
ತಾಯಿಯವರ ಔಷಧ — 1,000
ವರ್ಷದ ಖರ್ಚಿಗೆ ತೆಗೆದಿಡುವುದು — 1,200
ಚಿಲ್ಲರೆ — 500

ಒಟ್ಟು ರೂ. 23,200. ಉಳಿದದ್ದು ರೂ. 7,300.

ಇದರಲ್ಲಿ 'ವರ್ಷದ ಖರ್ಚು' ಎಂಬ ಬಾಬನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಗಣಪತಿ ಹಬ್ಬ, ಜೂನ್ ತಿಂಗಳ ಸಮವಸ್ತ್ರ, ಊರಿಗೆ ಹೋಗಿಬರುವ ಟಿಕೇಟು—ಇವು ಬರುತ್ತವೆಂದು ಎಲ್ಲರಿಗೂ ಗೊತ್ತು. ಆದರೂ ಪ್ರತಿವರ್ಷ ಅಕಸ್ಮಾತ್ ಬಂದಂತೆ ಸಾಲ ಮಾಡುತ್ತೇವೆ. ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತಿಂಗಳು ತಿಂಗಳು ತೆಗೆದಿಟ್ಟರೆ ಹಬ್ಬವು ಸಾಲವನ್ನು ಹೊತ್ತು ತರುವುದಿಲ್ಲ.

ಹೊಟ್ಟೆಗೆ ಕಡಿಮೆ ಮಾಡಿ ಸಾಲ ತೀರಿಸಬಾರದು. ಮಕ್ಕಳ ಹಾಲು, ಹಿರಿಯರ ಔಷಧ ನಿಲ್ಲಿಸಿದರೆ ಅದೇ ಖರ್ಚು ಮುಂದೆ ಆಸ್ಪತ್ರೆಯ ಬಿಲ್ಲಾಗಿ ಬರುತ್ತದೆ. ನಾವು ಬಿಟ್ಟದ್ದು ನನ್ನ ಹೊರಗಿನ ಚಹ-ತಿಂಡಿ, ಕೇಬಲ್ಲು, ಮತ್ತು ಒಂದು ವರ್ಷ ಊರಿನ ಜಾತ್ರೆ. ಜಾತ್ರೆ ಬಿಟ್ಟದ್ದಕ್ಕೆ ತಾಯಿಯವರು ನೊಂದುಕೊಂಡರು. ಅದನ್ನೂ ಲೆಕ್ಕದಲ್ಲಿ ಸೇರಿಸಿಯೇ ಹೇಳಬೇಕು.

ಮೂರನೆಯ ಮೆಟ್ಟಿಲು: ತೀರಿಸುವ ಕ್ರಮ

ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ತೀರಿಸಬೇಕೆಂಬುದು ಸಾಮಾನ್ಯ ಸೂತ್ರ. ನಾವು ಒಂದು ಅಪವಾದ ಮಾಡಿದೆವು. ದೀಪಾವಳಿಯ ಬೋನಸ್ಸಿನಿಂದ ಕಿರಾಣಿ ಉದ್ರಿಯನ್ನು ಪೂರ್ತಿ ತೀರಿಸಿದೆವು. ಅದಕ್ಕೆ ಬಡ್ಡಿಯಿಲ್ಲ, ನಿಜ. ಆದರೆ ಉದ್ರಿ ಇರುವವನು ದರ ಕೇಳಲಾರ, ತೂಕ ನೋಡಲಾರ, ಇನ್ನೊಂದು ಅಂಗಡಿಗೆ ಹೋಗಲಾರ. ರೋಖು ಕೊಟ್ಟು ಕೊಳ್ಳಲು ಆರಂಭಿಸಿದ ಮೇಲೆ ತಿಂಗಳಿಗೆ ಆರೇಳು ನೂರು ರೂಪಾಯಿ ಕಡಿಮೆಯಾಯಿತು. ಮೇಲಿನ 9,000 ಎಂಬುದು ರೋಖಿನ ಲೆಕ್ಕ.

ಉಳಿದ 7,300ನ್ನು ಹೀಗೆ ಹಂಚಿದೆವು: ಪತಪೇಢಿಯ ಕಂತು 3,000, ಸರದ ವರ್ಷದ ಬಡ್ಡಿಗಾಗಿ 350, ಆಪತ್ತಿನ ಡಬ್ಬಿಗೆ 450, ಕಾರ್ಡಿಗೆ 3,500.

ಕಾರ್ಡಿಗೆ 3,500ರಂತೆ ಕಟ್ಟಿದರೆ 18 ತಿಂಗಳು ಬೇಕು. ಒಟ್ಟು ಸುಮಾರು 61,600 ರೂಪಾಯಿ. ಅದರ ಬದಲು ಪತಪೇಢಿಯಿಂದ ಶೇ. 14ರಂತೆ ಇನ್ನೊಂದು ಸಾಲ ತೆಗೆದು ಕಾರ್ಡನ್ನು ಒಮ್ಮೆಲೇ ತೀರಿಸಿ, ಅದೇ 3,500ನ್ನು ಪತಪೇಢಿಗೆ ಕಟ್ಟಿದರೆ 14 ತಿಂಗಳಿಗೆ ಮುಗಿಯುತ್ತದೆ. ಒಟ್ಟು ಸುಮಾರು 46,900. ಉಳಿತಾಯ 14,000ಕ್ಕೂ ಮೇಲೆ. ನಾವು ಹೀಗೆಯೇ ಮಾಡಿದೆವು. ಇಬ್ಬರು ಸಹೋದ್ಯೋಗಿಗಳು ಜಾಮೀನು ನಿಂತರು. ಅವರಿಗೂ ನನ್ನ ಕೀರ್ದಿ ತೋರಿಸಿದ್ದೇನೆ. ಜಾಮೀನು ನಿಂತವನಿಗೆ ಆ ಹಕ್ಕು ಉಂಟು.

ಆದರೆ ಎಚ್ಚರಿಕೆ. ಒಂದು ಸಾಲದಿಂದ ಇನ್ನೊಂದನ್ನು ತೀರಿಸುವುದು ಬಡ್ಡಿ ಇಳಿದರೆ ಮಾತ್ರ ಸರಿ. ಮತ್ತು ಹಳೆಯ ಬಾಗಿಲನ್ನು ಮುಚ್ಚಿದರೆ ಮಾತ್ರ ಸರಿ. ಕಾರ್ಡಿನ ಬಾಕಿ ತೀರಿದ ದಿನವೇ ಅದನ್ನು ಬರೆದುಕೊಟ್ಟು ರದ್ದು ಮಾಡಿಸಿದೆ. ಇಲ್ಲದಿದ್ದರೆ ವರ್ಷದೊಳಗೆ ಎರಡೂ ಸಾಲ ತಲೆಯ ಮೇಲಿರುತ್ತಿದ್ದವು.

ಸಹಕಾರಿ ಸಾಲದ ಈ ಮಾರ್ಗಕ್ಕೆ ನಮ್ಮ ನಾಡಿನ ನಂಟು ದೊಡ್ಡದು. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಹುಟ್ಟಿದ ಸಂಘವು ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾಗಿದೆ. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ಒಕ್ಕಲುಮಕ್ಕಳು ಕಂಡುಕೊಂಡ ದಾರಿಯೇ ಇಂದು ಪಗಾರದಾರನಿಗೂ ದಾರಿ. ಆದರೂ ಸದಸ್ಯನಾಗುವ ಮೊದಲು ಆ ಪತಪೇಢಿ ನೋಂದಣಿಯಾಗಿದೆಯೇ, ಲೆಕ್ಕಪರಿಶೋಧನೆ ನಡೆದಿದೆಯೇ ಎಂದು ನೋಡಬೇಕು.

ಮೈದುನನ ಹತ್ತಿರ ಸ್ವತಃ ಹೋಗಿ, "ನಿಮ್ಮ ಹಣ ಮರೆತಿಲ್ಲ; ನಿಮ್ಮ ಸರದಿ ಕೊನೆಗೆ ಬರುತ್ತದೆ" ಎಂದು ಪಟ್ಟಿ ತೋರಿಸಿದೆ. ಕೈಗಡದಲ್ಲಿ ಸಂಬಂಧ ಕೆಡುವುದು ಹಣ ತಡವಾದುದರಿಂದಲ್ಲ, ಸಾಲಗಾರ ಮುಖ ತಪ್ಪಿಸುವುದರಿಂದ.

ಆಪತ್ತಿನ ಡಬ್ಬಿ

ಸಾಲವಿರುವಾಗ ಉಳಿತಾಯವೇಕೆ ಎಂದು ಕೆಲವರು ಕೇಳುವರು. ಆರನೆಯ ತಿಂಗಳಲ್ಲಿ ತಾಯಿಯವರಿಗೆ ಜ್ವರ ಬಂದು 2,300 ರೂಪಾಯಿ ಖರ್ಚಾಯಿತು. ಡಬ್ಬಿಯಲ್ಲಿ 2,700 ಇತ್ತು. ಅದಿಲ್ಲದಿದ್ದರೆ ಮತ್ತೆ ಸಾಲವೇ ಗತಿ. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಗಿರಣಿ ಮುಷ್ಕರದ ಅನಂತರ ಕೆಲಸ ಕಳೆದುಕೊಂಡ ಮನೆಗಳ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಪಗಾರ ನಿಲ್ಲುವುದೆಂದರೇನೆಂದು ಅವರನ್ನು ಕೇಳಿ ತಿಳಿಯಬಹುದು. ಸಾಲ ತೀರಿದ ಮೇಲೆ ಈ ಡಬ್ಬಿಯನ್ನು ಮೂರು ತಿಂಗಳ ಖರ್ಚಿನ ಮಟ್ಟಕ್ಕೆ ತರಬೇಕು. ಡಬ್ಬಿಯ ಹಣವನ್ನು ಭಿಶಿಗೆ ಹಾಕಬಾರದು. ಬೇಕೆಂದ ದಿನ ಅದು ಕೈಗೆ ಬರುವುದಿಲ್ಲ.

ಸಾಲಗಾರನಿಗೂ ಕಾಯದೆ ಉಂಟು

ಸಾಲಗಾರ ಕೊಡಬೇಕಾದುದನ್ನು ಕೊಡಬೇಕು, ಅವಮಾನ ಸಹಿಸಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ 2022ರ ಆದೇಶದಂತೆ, ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ವಸೂಲಿಯವರು ಬಾಕಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಾಯಂಕಾಲ 7ರ ನಂತರ ಫೋನು ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನಹಾನಿ ಮಾಡುವಂತಿಲ್ಲ. ಫೋನಿನ ಮೂಲಕ ಸಾಲ ಕೊಡುವವರು ವರ್ಷಕ್ಕೆ ಒಟ್ಟು ಶೇಕಡಾ ಎಷ್ಟು ಬೀಳುತ್ತದೆಂಬ ಪತ್ರವನ್ನು ಮೊದಲೇ ಕೊಡಬೇಕು. ಆ ಪತ್ರವಿಲ್ಲದ ಸಾಲವನ್ನು ಮುಟ್ಟಬಾರದು. ಬ್ಯಾಂಕಿಗೆ ಬರೆದುಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮಾಹಿತಿಗೆ 14448 ಎಂಬ ನಂಬರಿದೆ. ಮಹಾರಾಷ್ಟ್ರದ 2014ರ ಲೇವಾದೇವಿ ಕಾಯದೆಯಂತೆ ಖಾಸಗಿ ಸಾಹುಕಾರನು ಅಸಲಿಗಿಂತ ಹೆಚ್ಚು ಬಡ್ಡಿ ವಸೂಲು ಮಾಡುವಂತಿಲ್ಲ.

ಕೊನೆಯ ಮಾತು

ನಮ್ಮ ಲೆಕ್ಕದಲ್ಲಿ ಈಗ ಹನ್ನೊಂದನೆಯ ತಿಂಗಳು. ಕಾರ್ಡಿಗಾಗಿ ತೆಗೆದ ಸಾಲದ ಮೂರು ಕಂತು ಬಾಕಿ ಇವೆ. ಅದು ಮುಗಿದೊಡನೆ ಆ 3,500 ಸರ ಬಿಡಿಸಲು ಹೋಗುವುದು. ಪತಪೇಢಿಯ ಹಳೆಯ ಸಾಲ 23ನೆಯ ತಿಂಗಳಿಗೆ ಮುಗಿದಾಗ ಅದರ 3,000 ಮೈದುನನಿಗೆ. ಹೀಗೆ 28ನೆಯ ತಿಂಗಳಿಗೆ ಎಲ್ಲ ತೀರಬೇಕು. ಅಡ್ಡಿ ಬಂದರೆ ಎರಡು ಮೂರು ತಿಂಗಳು ಹೆಚ್ಚಾದೀತು. ಒಂದು ಕಂತು ಮುಗಿದೊಡನೆ ಆ ಹಣವನ್ನು ಖರ್ಚಿಗೆ ಬಿಡದೆ ಮುಂದಿನ ಸಾಲಕ್ಕೆ ತಿರುಗಿಸುವುದೇ ಈ ಪಾಠದ ಸಾರ.

ಪಗಾರವೇ ಸಾಲದ ಮನೆಗೆ ಅಂದಾಜುಪತ್ರಿಕೆ ಹೊಟ್ಟೆ ತುಂಬಿಸಲಾರದು ಎಂಬುದನ್ನು ನಾನು ಬಲ್ಲೆ. ಅಂಥಲ್ಲಿ ಗಳಿಕೆ ಹೆಚ್ಚಬೇಕು, ಬೇರೆ ಉಪಾಯವಿಲ್ಲ. ಆದರೆ ಎಷ್ಟು ಸಾಲದು ಎಂಬುದನ್ನು ತಿಳಿಯಲಿಕ್ಕೂ ಲೆಕ್ಕವೇ ಬೇಕು.

ಅಭ್ಯಾಸ: (1) ನಿಮ್ಮ ಸಾಲಗಳೆಲ್ಲವನ್ನೂ ಒಂದು ಪುಟದಲ್ಲಿ ಬರೆದು, ತಿಂಗಳ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿರಿ. (2) ಕಳೆದ ತಿಂಗಳು ಕಟ್ಟಿದ ಹಣದಲ್ಲಿ ಅಸಲಿಗೆ ಹೋದದ್ದೆಷ್ಟು, ನೋಡಿರಿ. (3) ಆ ಪುಟವನ್ನು ಮನೆಯವರಿಗೆ ತೋರಿಸಿರಿ. ಮೂರನೆಯದು ಎಲ್ಲಕ್ಕಿಂತ ಕಠಿಣ. ಆದರೆ ಅದಾದ ಮೇಲೆ ಉಳಿದದ್ದು ಬರೀ ಕೂಡಿಸುವುದು, ಕಳೆಯುವುದು.

ಲೆಕ್ಕ ಹಾಕಲು ತೊಡಕಾದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ನೋಟುಪುಸ್ತಕದೊಂದಿಗೆ ಬರಬಹುದು. ನಾನು ಅಲ್ಲಿರುತ್ತೇನೆ. ನಿಮ್ಮ ಲೆಕ್ಕ ಮೂರನೆಯವರ ಕಿವಿಗೆ ಹೋಗುವುದಿಲ್ಲ.