ಉಯಿಲು: ಬುದ್ಧಿ, ಕೈ ಎರಡೂ ಗಟ್ಟಿಯಿರುವಾಗಲೇ ಬರೆದಿಡಿ

ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ ಗಂಡನ ಹೆಸರಿನಲ್ಲಿದೆ. ಆತ ಉಯಿಲು ಬರೆಯದೆ ತೀರಿಕೊಂಡರೂ ಮನೆ ಹೆಂಡತಿಗೇ ಬರುತ್ತದೆ ಎಂದು ಬಹಳ ಮಂದಿ ನಂಬಿಕೊಂಡಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಾಗೆ ಹೇಳುವುದಿಲ್ಲ. ಹೆಂಡತಿ, ಇಬ್ಬರು ಮಕ್ಕಳು ಮತ್ತು ಆತನ ತಾಯಿ ಇದ್ದರೆ ನಾಲ್ವರಿಗೂ ಕಾಲು ಕಾಲು ಭಾಗ. ಮುಂದೆ ಆ ಅತ್ತೆಯೂ ಉಯಿಲಿಲ್ಲದೆ ಹೋದರೆ ಅವರ ಪಾಲಿನಲ್ಲಿ ಮೈದುನ, ನಾದಿನಿಯರಿಗೂ ಹಕ್ಕು ಬರುತ್ತದೆ. ಮನೆ ಮಾರಬೇಕೆಂದರೆ ಅಷ್ಟೂ ಜನರ ಸಹಿ ಬೇಕು. ಎರಡು ಹಾಳೆಯ ಉಯಿಲಿದ್ದರೆ ಆ ಹೆಣ್ಣುಮಗಳಿಗೆ ಈ ಪಾಡು ಇರುವುದಿಲ್ಲ.

ನಿಮ್ಮದು ಯಾವುದು, ನೋಡಿಕೊಳ್ಳಿ

ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿನಷ್ಟೇ ನಿಮ್ಮದು. 2005ರ ತಿದ್ದುಪಡಿಯಿಂದ ಅದರಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ; ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಮುಸ್ಲಿಮರು ಸಾಮಾನ್ಯವಾಗಿ ಮೂರನೇ ಒಂದು ಭಾಗವನ್ನು ಮಾತ್ರ ಉಯಿಲಿನ ಮೂಲಕ ಕೊಡಬಹುದು. ಕ್ರೈಸ್ತರು ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯೊಂದಿಗೇ ರದ್ದಾಗುತ್ತದೆ.

ಪಹಣಿ, ಖಾತಾ, ಋಣಭಾರ ಪತ್ರ ಮುಂದಿಟ್ಟುಕೊಂಡು ಪಟ್ಟಿ ಮಾಡಿ. "ಊರಿನ ತೋಟ ದೊಡ್ಡವನಿಗೆ" ಎಂದು ಬರೆದರೆ ಸಾಲದು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲವೂ ಇರಲಿ. ಸರ್ಕಾರದಿಂದ ಮಂಜೂರಾದ ಅಥವಾ ಗೇಣಿ ಹಕ್ಕಿನಲ್ಲಿ ಬಂದ ಜಮೀನಾದರೆ ಷರತ್ತುಗಳಿರುತ್ತವೆ, ವಕೀಲರಿಗೆ ತೋರಿಸಿ.

ಬರೆಯುವುದು

ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕೈಬರಹವಾದರೂ ಸರಿ, ಟೈಪ್ ಮಾಡಿಸಿದರೂ ಸರಿ. ಆದರೆ ಬರೆಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಲಿ. ಕನ್ನಡವಷ್ಟೇ ಬಲ್ಲ ತಾಯಿಯ ಹೆಸರಿನಲ್ಲಿ ಇಂಗ್ಲಿಷ್ ಉಯಿಲು ಮಾಡಿಸುವುದು ಮುಂದಿನ ಮೊಕದ್ದಮೆಗೆ ನಾವೇ ದಾರಿ ಮಾಡಿಕೊಟ್ಟಂತೆ.

ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ 1958ರ ತೀರ್ಪನ್ನು ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುತ್ತವೆ. ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಮಾಡಿಸಿದ್ದರೆ ಅದು ಸಂಶಯಕ್ಕೆ ಎಡೆ. ಆ ಸಂಶಯ ಕಳೆಯುವ ಹೊಣೆಯೂ ಅವನದೇ. ಹಾಗಾಗಿ ಅಪ್ಪನನ್ನು ಕಾರಿನಲ್ಲಿ ಕರೆದೊಯ್ದು, ಪತ್ರ ಬರಹಗಾರರಿಗೆ ತಾನೇ ವಿವರ ಹೇಳುವ ಮಗ, ತನ್ನ ಪಾಲನ್ನು ತಾನೇ ದುರ್ಬಲ ಮಾಡಿಕೊಳ್ಳುತ್ತಾನೆ. ಒಬ್ಬ ಮಗಳಿಗೆ ಏನೂ ಕೊಡುತ್ತಿಲ್ಲವಾದರೆ ಕಾರಣವನ್ನು ಒಂದೆರಡು ಸಾಲಿನಲ್ಲಿ ಬರೆಯಿರಿ.

ಹೆಂಡತಿ ಬದುಕಿರುವವರೆಗೆ ಮನೆಯಲ್ಲಿರಲಿ, ಆಮೇಲೆ ಮಕ್ಕಳಿಗೆ ಹೋಗಲಿ ಎಂದು ಬರೆಯುವ ರೂಢಿ ಇದೆ. ಇಂಥ ಸಾಲಿನಿಂದ ಆಕೆಗೆ ಪೂರ್ಣ ಹಕ್ಕು ಬಂತೋ ಇಲ್ಲವೋ ಎಂಬ ವ್ಯಾಜ್ಯಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ. ನನ್ನ ಅಭಿಪ್ರಾಯ ಕೇಳಿದರೆ, ಮನೆಯನ್ನು ಪೂರ್ತಿಯಾಗಿ ಆಕೆಯ ಹೆಸರಿಗೇ ಬರೆಯಿರಿ. ಇಳಿವಯಸ್ಸಿನಲ್ಲಿ ಅವಳು ಮಕ್ಕಳ ಮರ್ಜಿಯಲ್ಲಿ ಬದುಕಬೇಕಾಗಬಾರದು.

ಸಾಕ್ಷಿಗಳು

ಉಯಿಲಿನ ಜೀವ ಇರುವುದು ಇಲ್ಲೇ. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಅವರೆದುರು ನೀವು ಸಹಿ ಮಾಡಿ, ನಿಮ್ಮೆದುರು ಅವರು ಸಹಿ ಮಾಡಬೇಕು. ಮುಂದೆ ತಕರಾರಾದರೆ ಇವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಿಕೆ ಕೊಡಬೇಕಾಗುತ್ತದೆ. ಆದ್ದರಿಂದ ನಿಮ್ಮ ಓರಗೆಯ ಗೆಳೆಯರಿಗಿಂತ ನಿಮಗಿಂತ ಕಿರಿಯರು, ಊರಲ್ಲೇ ಇರುವವರು, ಆಸ್ತಿಯಲ್ಲಿ ಪಾಲಿಲ್ಲದವರು ಒಳ್ಳೆಯದು. ವಯಸ್ಸಾಗಿದ್ದರೆ ಮನಸ್ಸು ಸ್ವಸ್ಥವಾಗಿದೆ ಎಂಬ ವೈದ್ಯರ ಪ್ರಮಾಣಪತ್ರವನ್ನು ಅದೇ ದಿನ ಪಡೆಯಿರಿ.

ನೋಂದಣಿ ಕಡ್ಡಾಯವಲ್ಲ, ಮಾಡಿಸುವುದು ಮೇಲು. ಮುದ್ರಾಂಕ ಶುಲ್ಕವಿಲ್ಲ. ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕ್ರಮಬದ್ಧವಾಗಿ ಬರೆದ ಕೊನೆಯದ್ದೇ ಊರ್ಜಿತ.

ನಾಮಿನಿ ಇದ್ದಾರಲ್ಲ ಎಂದು ಸುಮ್ಮನಾಗಬೇಡಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ನಿಜ. ಆದರೆ ಸಾಮಾನ್ಯವಾಗಿ ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸುವವರಷ್ಟೇ. ಷೇರುಗಳಿಗೂ ಇದೇ ನಿಯಮ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಟ್ರಸ್ಟ್ ಯಾರಿಗೆ ಬೇಕು?

ಎಲ್ಲರಿಗೂ ಬೇಡ. ಆದರೆ ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಗುವಿನ ತಂದೆತಾಯಿ ಇದನ್ನು ಮುಂದೂಡಬಾರದು. ಉಯಿಲು ಆಸ್ತಿಯನ್ನು ಒಂದೇ ಸಲ ಕೈಗಿಡುತ್ತದೆ. ಅದನ್ನು ನಿಭಾಯಿಸಲಾಗದ ಮಗನಿಗೆ ಅದರಿಂದ ಏನು ಪ್ರಯೋಜನ? 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಿ, ಬಾಡಿಗೆ, ಬಡ್ಡಿಯಿಂದ ಅವನ ಊಟ, ಔಷಧ, ಆರೈಕೆಗೆ ತಿಂಗಳು ತಿಂಗಳು ಹಣ ಸಲ್ಲುವಂತೆ ಬರೆಯಬಹುದು. ಕನಿಷ್ಠ ಇಬ್ಬರು ಟ್ರಸ್ಟಿಗಳಿರಲಿ, ಅವರ ನಂತರ ಯಾರು ಎಂಬುದೂ ಪತ್ರದಲ್ಲಿರಲಿ. ಮನೆ, ಜಮೀನು ಸೇರಿಸುವುದಾದರೆ ಪತ್ರ ನೋಂದಣಿಯಾಗಬೇಕು. ಇಲ್ಲವೇ ಉಯಿಲಿನಲ್ಲೇ ಟ್ರಸ್ಟ್ ರಚಿಸಬಹುದು. ಇನ್ನೊಂದು ವಿಷಯ: ಮಗುವಿಗೆ 18 ತುಂಬಿದ ಮೇಲೆ ಹೆತ್ತವರು ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಆ ಹಕ್ಕು ಪಡೆಯಬೇಕು.

ದಾನಪತ್ರದ ಬಗ್ಗೆ ಎಚ್ಚರ. ನೋಂದಣಿಯಾದೊಡನೆ ಆಸ್ತಿ ನಿಮ್ಮ ಕೈಬಿಟ್ಟಂತೆ. ಕೊಡಲೇಬೇಕಾದರೆ "ನನ್ನನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು" ಎಂಬ ಷರತ್ತು ಸ್ಪಷ್ಟವಾಗಿ ಬರೆಸಿ. ಆಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದುಪಡಿಸಲು ಕೇಳಬಹುದು.

ಉಯಿಲನ್ನು ಜಾರಿ ಮಾಡಲು ನಂಬಿಕಸ್ಥರೊಬ್ಬರನ್ನು ಎಕ್ಸಿಕ್ಯೂಟರ್ ಎಂದು ಹೆಸರಿಸಿ, ಮೂಲಪ್ರತಿ ಎಲ್ಲಿದೆ ಎಂದು ಅವರಿಗೆ ತಿಳಿಸಿ. ನಿಮ್ಮೊಬ್ಬರ ಹೆಸರಿನ ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ. ಖಾತೆ ಬದಲಾವಣೆಗೆ ಕುಟುಂಬದವರು ಅರ್ಜಿ ಹಾಕುವಾಗ ಮರಣ ಪ್ರಮಾಣಪತ್ರದ ಜೊತೆ ಅದೇ ಕಾಗದ ಬೇಕಾಗುತ್ತದೆ.